ಏಳಡಿ ಬೇಡ ಎಂದವಳಿಗೆ

ಮನೆಯಿಂದ,
ತಾರೀಖು ಹದಿನೇಳು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಮೊದಲು ‘ಸೊಸೆಗೆ’ ಎಂದು ಬರೆದು ಹೊಡೆದು ಹಾಕಿದೆ, ಆಮೇಲೆ ಹೊಸ ಹಾಳೆ ತೆಗೆದುಕೊಂಡೆ. ನೀನು ಈ ಮನೆಗೆ ಬಂದು ಒಂಬತ್ತು ವರ್ಷವಾಯಿತು, ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು, ಏನೆಂದು ಕರೆಯಬೇಕೆಂಬುದೇ ನನಗೆ ಅಭ್ಯಾಸವಿಲ್ಲ. ಹೇಗಿದ್ದೀಯ? ಹುಲ್ಲು ಕತ್ತರಿಸುವ ಕಾಲ ಬಂತೆಂದರೆ ಶುರುವಾಗುವ ನಿನ್ನ ಸೀನು ಪೇಟೆಯಲ್ಲಾದರೂ ನಿಂತಿದೆಯೇ? ನಿನ್ನ ಅಕ್ಕನ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟು ಇದ್ದೂ ಇಲ್ಲದ ಹಾಗೆ ಎಂದು ನೀನೇ ಒಮ್ಮೆ ಹೇಳಿದ್ದೆ. ದಿನಕ್ಕೆ ಹತ್ತು ಸಲ ಹತ್ತಿ ಇಳಿದು ಮಂಡಿ ಹಾಳು ಮಾಡಿಕೊಳ್ಳಬೇಡ. ಸಿಟ್ಟು ಬಂದಾಗ ಊಟ ಬಿಡುವ ನಿನ್ನ ಚಾಳಿ ಅಲ್ಲೂ ಮುಂದುವರಿದಿದ್ದರೆ ಅದನ್ನು ಮೊದಲು ನಿಲ್ಲಿಸು. ಸಿಟ್ಟು ಯಾರ ಮೇಲೋ, ಹೊಟ್ಟೆ ನಿನ್ನದು.

ಇಲ್ಲಿ ನಾನು ಇದ್ದೇನೆ. ಅದಕ್ಕಿಂತ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ. ಎಡಗಾಲಿನ ಮಂಡಿ, ಅಂದರೆ ಮೂವತ್ತೊಂದು ವರ್ಷ ಲಾರಿಯ ಕ್ಲಚ್ಚು ತುಳಿದ ಕಾಲು, ಬೆಳಿಗ್ಗೆ ಮಡಿಸಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಿಸುವುದಿಲ್ಲ. ನಿನ್ನ ಅತ್ತೆ ಗಟ್ಟಿಯಾಗಿದ್ದಾಳೆ. ನನ್ನ ಜೊತೆ ಮಾತಾಡುವುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡುತ್ತಿದ್ದಾಳೆ. ಹೇಳಲೇಬೇಕಾದ್ದನ್ನು ಬೆಕ್ಕಿಗೆ ಹೇಳುತ್ತಾಳೆ. “ಅನ್ನ ಆರಿ ಹೋಗ್ತಿದೆ ಅಂತ ಹೇಳು ಅವ್ರಿಗೆ” ಎಂದು ಬೆಕ್ಕಿನ ಕಡೆ ನೋಡಿ ಹೇಳಿದರೆ ನಾನು ಎದ್ದು ಕೈ ತೊಳೆಯಬೇಕು. ಬೆಕ್ಕಿಗೂ ಬೇಜಾರಾಗಿ ಈಗ ಕೊಟ್ಟಿಗೆಯಲ್ಲೇ ಮಲಗುತ್ತಿದೆ. ಯಾಕೆ ಹೀಗೆ ಎಂದು ನಾನು ಅವಳನ್ನು ಕೇಳಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳದಿರುವಷ್ಟು ಬುದ್ಧಿ ನನಗೂ ಇದೆ.

ಇನ್ನು ನಿನ್ನ ಗಂಡ. ಹೇಗಿದ್ದಾನೆ ಎಂದು ನೀನು ಕೇಳುವುದಿಲ್ಲ, ಆದರೂ ಬರೆಯುತ್ತೇನೆ. ನಸುಕಿಗೇ ಎದ್ದು ಹಾಲು ಕರೆದು, ಕ್ಯಾನುಗಳನ್ನು ಗೇಟಿನ ಹತ್ತಿರ ಇಟ್ಟು, ಹುಲ್ಲುಗಾವಲಿಗೆ ಹೋದರೆ ಮತ್ತೆ ಹಾಲು ಕರೆಯುವ ಹೊತ್ತಿಗೇ ಬರುವುದು. ನಿಂತುಕೊಂಡೇ ಊಟ ಮಾಡುತ್ತಾನೆ. ಕುರ್ಚಿ ಎಳೆದು ಕೊಟ್ಟರೆ ಅದರ ಮೇಲೆ ಟವೆಲು ಹಾಕಿ ಹೊರಟುಬಿಡುತ್ತಾನೆ. ಮೊದಲೇ ಅವನದು ಮಾತು ಕಡಿಮೆ. ಈಗ ಬಾಯಿಗೆ ಬೀಗ ಜಡಿದು ಕೀಲಿಯನ್ನು ಎಲ್ಲೋ ಎಸೆದ ಹಾಗಿದೆ. ಇಷ್ಟು ದಿನದಲ್ಲಿ ಅವನು ನಿನ್ನನ್ನು ಕರೆಯಲು ಒಮ್ಮೆಯೂ ಬರಲಿಲ್ಲ ಎಂದು ನೀನು ನಿನ್ನ ಅತ್ತೆಗೆ ಬರೆದ ಕಾಗದದಲ್ಲಿದ್ದ ಆ ಒಂದು ಸಾಲನ್ನು ನಾನೂ ಓದಿದೆ. ಅವಳು ಅದನ್ನು ನನ್ನ ಕನ್ನಡಕದ ಪಕ್ಕದಲ್ಲೇ ಇಟ್ಟು ಹೋಗಿದ್ದಳು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹಿಂದೆ ಕೆಲಸ ಮಾಡಿದ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಕೌಂಟರಿಗೇ ಮತ್ತೆ ಸೇರುತ್ತೇನೆ, ಬಾಡಿಗೆಗೆ ಒಂದು ಕೋಣೆಯನ್ನೂ ನೋಡಿದ್ದೇನೆ, ನನ್ನ ಸರ್ಟಿಫಿಕೇಟುಗಳನ್ನು ಕಳಿಸಿ ಎಂದು ಬರೆದಿದ್ದೀಯ. ನಿನ್ನ ಅತ್ತೆ ಅವುಗಳನ್ನು ಬೇರೆ ಕವರಿನಲ್ಲಿ ಹಾಕಿಟ್ಟಿದ್ದಾಳೆ. ಕೋಣೆ ನೋಡಿದ್ದೇನೆ ಎಂಬ ಮಾತು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಈ ಕಾಗದ.

ಹಸುಗಳ ಸುದ್ದಿ ಹೇಳಿಬಿಡುತ್ತೇನೆ. ಕಳ್ಳಿ ಎರಡು ಸಲ ಬೇಲಿ ಹಾರಿದಳು. ಮೂಗಿ ಗಬ್ಬವಾಗಿದ್ದಾಳೆ. ಹಾಲು ಮಾತ್ರ ಇಳಿದಿದೆ. ಹಾಲಿನ ವ್ಯಾನಿನವನು ಕ್ಯಾನನ್ನು ಎತ್ತಿ ಒಮ್ಮೆ ಅಲ್ಲಾಡಿಸಿ, “ಏನ್ ಯಜಮಾನ್ರೇ, ಹಸುಗಳೂ ತೌರಿಗೆ ಹೋದ್ವಾ?” ಎಂದ. ನಾನು ನಕ್ಕ ಹಾಗೆ ಮಾಡಿದೆ. ಹುಲ್ಲು ಸರಿಯಾದ ಹೊತ್ತಿಗೆ ಕತ್ತರಿಸದೆ ಸೊಂಟದುದ್ದ ಬೆಳೆದು, ತೆನೆ ಕಟ್ಟಿ, ದಂಟು ಕಡ್ಡಿಯಾಗಿದೆ. ಅಂಥದ್ದನ್ನು ಹಸು ಮೂಸಿ ನೋಡಿ ಮುಖ ತಿರುಗಿಸುತ್ತದೆ. ಎಳೆಯದಿರುವಾಗ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ತಡವಾದರೆ ಹುಲ್ಲೂ ಕೆಟ್ಟಿತು, ಹುಲ್ಲುಗಾವಲೂ ಕೆಟ್ಟಿತು ಎಂದು ಪ್ರತಿ ವರ್ಷ ಹೇಳುತ್ತಿದ್ದವಳು ನೀನು. ಈ ವರ್ಷ ಹೇಳುವವರು ಇರಲಿಲ್ಲ, ಕತ್ತರಿಸುವ ಯಂತ್ರವೂ ನೆಟ್ಟಗಿರಲಿಲ್ಲ.

ಈಗ ಆ ಯಂತ್ರದ, ಅಂದರೆ ಮೋವರಿನ, ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಾನು ಅದನ್ನು ಮೊದಲಿನಿಂದ ಒಂದು ಸಲ ಸರಿಯಾಗಿ ನೋಡಬೇಕಾಗಿದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ನಮ್ಮ ಹಳೆಯ ಮೋವರ್ ಸತ್ತು ಹೋದಾಗ ಹೊಸದನ್ನು ತರುವ ಮಾತು ಬಂತು. ಮದುವೆಗೆ ಮುಂಚೆ ಏಳು ವರ್ಷ ಬಿಡಿಭಾಗಗಳ ಕೌಂಟರಿನಲ್ಲಿ ನಿಂತವಳು ನೀನು. ಯಾವ ನಟ್ಟು ಯಾವ ಬೋಲ್ಟಿಗೆ ಎಂದು ಕಣ್ಣು ಮುಚ್ಚಿ ಹೇಳುತ್ತೀಯ. ನೀನು ಟೇಪು ಹಿಡಿದು ಟ್ರ್ಯಾಕ್ಟರಿನ ಸುತ್ತ ಎರಡು ಸುತ್ತು ಬಂದೆ. ಲೆಕ್ಕವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅಡಿಗೆ ಮನೆಯ ಬೀರುವಿನ ಬಾಗಿಲಿಗೆ ಅಂಟಿಸಿದೆ. ಆಮೇಲೆ ನನ್ನನ್ನು ಕೂರಿಸಿಕೊಂಡು, “ಮಾವ, ಬಾನೆಟ್ ಮೇಲೆ ಮೂವತ್ತೈದು ಎಚ್‌ಪಿ ಅಂತ ಬರ್ದಿರೋದು ಎಂಜಿನ್ನಿಂದು. ಹಿಂದೆ ಮೋವರ್ ತಿರುಗಿಸೋ ಶಾಫ್ಟಿಗೆ ಅಷ್ಟು ಬರಲ್ಲ. ಹೊಸದ್ರಲ್ಲೇ ಮೂವತ್ತು. ಈಗ ವಯಸ್ಸಾಗಿದೆ, ಇಪ್ಪತ್ತಾರು, ಇಪ್ಪತ್ತೇಳು ಅಂದ್ಕೊಳ್ಳಿ. ಮೋವರಿನ ಅಗಲಕ್ಕೆ ಅಡಿಗೆ ಐದು ಎಚ್‌ಪಿ ಬೇಕು. ಐದಡಿಗೆ ಇಪ್ಪತ್ತೈದು. ಅಲ್ಲಿಗೆ ಮುಗೀತು” ಎಂದೆ. ಎಷ್ಟು ಸುಲಭವಾಗಿ ಹೇಳಿದೆ! ಹಿಂದಿನ ಚಕ್ರಗಳ ಹೊರಗಿನ ಅಂಚಿನಿಂದ ಹೊರಗಿನ ಅಂಚಿಗೆ ನಾಲ್ಕಡಿ ಹತ್ತು ಇಂಚು, ಐದಡಿಯ ಮೋವರ್ ಚಕ್ರದ ಜಾಡನ್ನು ಸರಿಯಾಗಿ ಮುಚ್ಚುತ್ತದೆ, ಚಕ್ರ ತುಳಿದ ಹುಲ್ಲೂ ಕತ್ತರಿಸಿ ಹೋಗುತ್ತದೆ ಎಂದೂ ಹೇಳಿದೆ. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಬೇರೆ, ತಲೆಗೆ ಹತ್ತುವುದು ಬೇರೆ.

ನನ್ನ ತಲೆಯಲ್ಲಿ ಇದ್ದದ್ದು ಲಾರಿ. ಲಾರಿಯವನಿಗೆ ಎಂಜಿನ್ ಚಿಕ್ಕದಾಯಿತು ಎಂಬ ಮಾತೇ ಇಲ್ಲ. ಲೋಡು ಹೆಚ್ಚಾಯಿತೇ, ಗೇರು ಇಳಿಸು, ನಿಧಾನಕ್ಕೆ ಏರು, ಅರ್ಧ ದಿನ ತಡವಾದರೂ ಊರು ಮುಟ್ಟುತ್ತದೆ. ಹತ್ತು ಟನ್ನಿನ ಗಾಡಿಯಲ್ಲಿ ಹದಿನಾಲ್ಕು ಟನ್ನು ಹೇರಿಕೊಂಡು ಬೆಟ್ಟ ಹತ್ತಿಸಿದವನು ನಾನು, ಎರಡಡಿ ಹೆಚ್ಚಿನ ಮೋವರಿಗೆ ಹೆದರುತ್ತೇನೆಯೇ ಎಂಬ ಜಂಭ. ಮೋವರಿನ ಬ್ಲೇಡಿಗೆ ನಿಧಾನ ಎಂಬುದಿಲ್ಲ, ಶಾಫ್ಟು ನಿಮಿಷಕ್ಕೆ ಐನೂರ ನಲವತ್ತು ಸುತ್ತು ತಿರುಗಲೇಬೇಕು, ಇಲ್ಲದಿದ್ದರೆ ಹುಲ್ಲು ಕತ್ತರಿಸುವುದಿಲ್ಲ, ಹರಿಯುತ್ತದೆ ಎಂದು ನೀನು ಹೇಳಿದ್ದು ನನ್ನ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು. ಜೊತೆಗೆ ಆಚೆ ಹೊಲದ ಗುತ್ತಿಗೆದಾರ ತನ್ನ ಏಳಡಿಯ ಮೋವರಿನಲ್ಲಿ ನಮ್ಮಷ್ಟೇ ಜಾಗವನ್ನು ಮಧ್ಯಾಹ್ನದೊಳಗೆ ಮುಗಿಸಿ ನೆರಳಲ್ಲಿ ಕೂರುವುದನ್ನು ದಿನಾ ನೋಡುತ್ತಿದ್ದೆ. ಅವನ ಟ್ರ್ಯಾಕ್ಟರು ಅರವತ್ತು ಎಚ್‌ಪಿಯದು ಎಂಬುದು ಗೊತ್ತಿತ್ತು. ಗೊತ್ತಿರುವುದನ್ನೆಲ್ಲ ಮನುಷ್ಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆಯೇ? ನೀನು ಅಂಗಡಿಗೆ ಹೋಗಿ ಐದಡಿಯದಕ್ಕೇ ಆರ್ಡರ್ ಕೊಟ್ಟು ಬಂದೆ.

ಅದು ಬಂದ ದಿನ ನಾವೆಲ್ಲ ಅಂಗಳದಲ್ಲಿದ್ದೆವು. ಲಾರಿಯಿಂದ ಇಳಿಸಿದ್ದು ಏಳಡಿ. ನೀನು ಟೇಪನ್ನೂ ಹಿಡಿಯಲಿಲ್ಲ, ಕಣ್ಣಲ್ಲೇ ಅಳೆದೆ. “ಇದಲ್ಲ ನಾನು ಹೇಳಿದ್ದು” ಎಂದೆ. ತಂದವನು ತನ್ನ ಬಿಲ್ಲು ನೋಡಿ, “ಮೊದ್ಲು ಐದೇ ಇತ್ತಕ್ಕ. ಆಮೇಲೆ ನಿಮ್ಮ ಮನೆಯಿಂದ್ಲೇ ಫೋನ್ ಬಂತಂತೆ. ಗಂಡಸ್ರ ದನಿ. ಐದು ಬೇಡ, ಏಳು ಕಳ್ಸಿ ಅಂದ್ರಂತೆ” ಎಂದ. ನೀನು ತಿರುಗಿ ನಿನ್ನ ಗಂಡನ ಮುಖ ನೋಡಿದೆ. “ನೀವಾ?” ಎಂದು ಕೇಳಿದೆ. ಅವನು ಏನೂ ಹೇಳಲಿಲ್ಲ. ಎರಡನೇ ಸಲ ಕೇಳಿದೆ. ಅವನು ನೆಲ ನೋಡಿ, “ಬಂದಿದ್ದಾಗಿದೆ, ಬಿಡು” ಎಂದ. ನಾನು ಅಲ್ಲೇ ಹಗ್ಗ ಬಿಚ್ಚುತ್ತ ನಿಂತಿದ್ದೆ. ಆ ಹಗ್ಗದಲ್ಲಿ ಅಷ್ಟು ಗಂಟುಗಳಿರಲಿಲ್ಲ, ಆದರೂ ಬಹಳ ಹೊತ್ತು ಬಿಚ್ಚಿದೆ. ಮರುದಿನ ಬೆಳಿಗ್ಗೆ ನೀನು ಬ್ಯಾಗು ಹಿಡಿದು ಹೊರಟಾಗ ನಿನ್ನ ಅತ್ತೆಗೆ ಹೇಳಿದ ಮಾತು ನನಗೂ ಕೇಳಿಸಿತು. “ಮೋವರಿಗೋಸ್ಕರ ಹೋಗ್ತಿಲ್ಲ ಅತ್ತೆ. ಬೆನ್ನ ಹಿಂದೆ ನನ್ನ ಮಾತು ಬದಲಾಯಿಸ್ತಾರೆ, ಕೇಳಿದ್ರೆ ಬಾಯಿ ಬಿಡಲ್ಲ. ಅಂಥವ್ರ ಜೊತೆ ನಾನು ಹೇಗಿರ್ಲಿ?” ಎಂದೆ.  ಬಸ್ಸು ನಿಲ್ಲುವ ಜಾಗದವರೆಗೆ ಅವನು ನಿನ್ನ ಬ್ಯಾಗು ಹೊತ್ತುಕೊಂಡು ಬಂದನಂತೆ. 

ಆಮೇಲಿನದು ನಿನಗೆ ಗೊತ್ತಿಲ್ಲ. ಮೊದಲ ದಿನ ಸಮತಟ್ಟು ಜಾಗದಲ್ಲೇ ಇಳಿಸಿದೆವು. ಹತ್ತು ಮಾರು ಹೋಗುವಷ್ಟರಲ್ಲಿ ಟ್ರ್ಯಾಕ್ಟರು ಏದುಸಿರು ಬಿಡಲು ಶುರುಮಾಡಿತು, ಸೈಲೆನ್ಸರಿನಿಂದ ಕಪ್ಪು ಹೊಗೆ. “ಗೇರ್ ಇಳ್ಸೋ” ಎಂದು ನಾನು ಬದುವಿನಿಂದ ಕೂಗಿದೆ. ಇಳಿಸಿದ. ಇನ್ನೂ ಇಳಿಸಿದ. ಕೊನೆಗೆ ಇಳಿಸಲು ಗೇರೇ ಉಳಿಯಲಿಲ್ಲ. ಹುಲ್ಲು ನೋಡಿದರೆ ಅರ್ಧ ಹರಿದು, ಅರ್ಧ ಮಲಗಿ, ಎಮ್ಮೆ ಹೊರಳಾಡಿದ ಹಾಗಿತ್ತು. ದಟ್ಟವಾದ ಕಡೆ ಹೋದಾಗ ಟಕ್ ಎಂದಿತು. ಶಾಫ್ಟಿಗೆ ಒಂದು ಮೆತ್ತನೆಯ ಬೋಲ್ಟು ಹಾಕಿರುತ್ತಾರಲ್ಲ, ಭಾರ ಮೀರಿದರೆ ತಾನು ಮುರಿದು ಮೋವರಿನ ಗೇರುಪೆಟ್ಟಿಗೆಯನ್ನು ಉಳಿಸುವುದು, ಅದು ಹೋಯಿತು. ಬೇರೆ ಹಾಕಿದೆವು, ಅದೂ ಹೋಯಿತು. ಒಂದೇ ದಿನ ನಾಲ್ಕು. ನಿನ್ನ ಮಾವನ ಬುದ್ಧಿ ನೋಡು: ಇಂಥ ಕೆಲಸಕ್ಕೆ ಬಾರದ ಬೋಲ್ಟು ಯಾವನು ಮಾಡಿದ ಎಂದು ಬೈದು, ನನ್ನ ಹಳೆಯ ಲಾರಿಯ ಡಬ್ಬಿಯಿಂದ ಗಟ್ಟಿ ಉಕ್ಕಿನ ಬೋಲ್ಟು ಹುಡುಕಿ ತಂದು ನಾನೇ ಕೈಯಾರೆ ಬಿಗಿದೆ. ಲಾರಿಯಲ್ಲಿ ಮುರಿದದ್ದಕ್ಕೆ ಮುರಿಯದ್ದನ್ನು ಹಾಕಿದರೆ ಮುಗಿಯಿತು. ಬೋಲ್ಟು ಮುರಿಯಲಿಲ್ಲ. ಮರುದಿನ ಬೆಳಿಗ್ಗೆ ಗೇರುಪೆಟ್ಟಿಗೆಯೇ ಸೀಳಿ ಎಣ್ಣೆ ಸುರಿಯಿತು.

ಮೆಕ್ಯಾನಿಕ್ ಬಂದ. ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿ ಎಂಜಿನ್ನಿನ ಎದೆ ಬಡಿತ ಕೇಳುತ್ತಾನಲ್ಲ, ನೀನು ‘ಡಾಕ್ಟರು’ ಎಂದು ಹೆಸರಿಟ್ಟವನು, ಅವನೇ. ಆ ಉಕ್ಕಿನ ಬೋಲ್ಟನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, “ಇದನ್ನ ಹಾಕಿದ್ದು ಯಾರು?” ಎಂದು ಕೇಳಿದ. ನಿನ್ನ ಗಂಡ, “ನಾನೇ” ಎಂದ. ನಾನು ಪಕ್ಕದಲ್ಲೇ ಇದ್ದೆ. ಮೆಕ್ಯಾನಿಕ್ ಅವನನ್ನು ಚೆನ್ನಾಗಿ ಬೈದ, “ಆ ಯಮ್ಮ ಮನೇಲಿದ್ದಿದ್ರೆ ಹೀಗೆ ಆಗ್ತಿತ್ತಾ? ಅವ್ರನ್ನ ಕೇಳೋಕೇನಾಗಿತ್ತು ನಿಮ್ಗೆ?” ಎಂದ. ಅವನು ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡ. ನನಗೆ ಆ ಹೊತ್ತು ಅಲ್ಲಿ ನಿಂತಿರುವುದೇ ಕಷ್ಟವಾಯಿತು, ಹಸುಗಳಿಗೆ ನೀರು ಹಾಕುವ ನೆಪ ಮಾಡಿಕೊಂಡು ಹೊರಟುಹೋದೆ. ನೀರು ಆಗಲೇ ತುಂಬಿತ್ತು.

ರಿಪೇರಿಗೆ ಎಂಟು ದಿನ ಹಿಡಿಯಿತು. ಆಮೇಲೆ ಇಳಿಜಾರಿನ ಕಡೆ ಹೋದೆವು.  ಅವನು ದಿಬ್ಬದ ಕಡೆ ಮುಖ ಮಾಡಿ ಏರುತ್ತಿದ್ದ. ತುದಿಯಲ್ಲಿ ತಿರುಗಿಸಲೆಂದು ಮೋವರನ್ನು ಮೇಲೆತ್ತಿದ. ಎರಡಾಳು ಸೇರಿದರೂ ಮಿಸುಕದಂಥ ಕಬ್ಬಿಣ ಹಿಂದೆ ಜೋತುಬಿದ್ದಿತು, ಮುಂದಿನ ಎರಡೂ ಚಕ್ರ ನೆಲ ಬಿಟ್ಟವು. ಅವು ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿದ್ದವು. ನಾನು ಕೆಳಗೆ ನಿಂತಿದ್ದೆ.  ಅವನಿಗೆ ಏನು ಹೊಳೆಯಿತೋ, ಮೋವರನ್ನು ತಟ್ಟನೆ ಕೆಳಗಿಳಿಸಿ ಕ್ಲಚ್ಚು ತುಳಿದ. ಮೂತಿ ಧೊಪ್ಪೆಂದು ನೆಲಕ್ಕೆ ಬಿತ್ತು. ಒಂದು ಕ್ಷಣ ತಡವಾಗಿದ್ದರೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚಿ ಅವನ ಮೇಲೆ ಬೀಳುತ್ತಿತ್ತು, ನಿನಗೆ ನಾನು ಬೇರೆಯೇ ಕಾಗದ ಬರೆಯುತ್ತಿದ್ದೆ. ನಾನು ಮಂಡಿ ನೋವು ಮರೆತು ಓಡಿದೆ. ಅವನು ಇಳಿದು ಹುಲ್ಲಿನ ಮೇಲೆ ಕೂತಿದ್ದ. “ಏನಾಗಿಲ್ಲಪ್ಪ” ಎಂದ. ಮಾತು ಬಿಟ್ಟವನು ಎಷ್ಟೋ ದಿನದ ಮೇಲೆ ನನ್ನ ಜೊತೆ ಆಡಿದ್ದು ಅಷ್ಟೇ. ನಾನು ಅವನ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಅರವತ್ತೆಂಟು ವರ್ಷದವನು ಮಗನ ಮುಂದೆ ಮಗುವಿನ ಹಾಗೆ ಅತ್ತೆ. ಅವನು ನನ್ನ ಬೆನ್ನ ಮೇಲೆ ಕೈಯಿಟ್ಟ.

ಅವತ್ತು ಮನೆಗೆ ಬಂದು ನಿನ್ನ ಚೀಟಿಯ ಮುಂದೆ ಕನ್ನಡಕ ಹಾಕಿಕೊಂಡು ನಿಂತೆ. ಇಷ್ಟು ದಿನ ಬೀರು ತೆಗೆಯುವಾಗೆಲ್ಲ ಕಣ್ಣಿಗೆ ಬಿದ್ದದ್ದು, ಓದಿರಲಿಲ್ಲ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯ: ‘ದಿಬ್ಬದ ಮೇಲೆ ಭಾರದ್ದು ಬೇಡವೇ ಬೇಡ. ಇವರು ಒಬ್ಬರೇ ಓಡಿಸುತ್ತಾರೆ.’ ಇಷ್ಟೆಲ್ಲ ಲೆಕ್ಕ ನೀನು ಹಾಕಿದ್ದು ಹುಲ್ಲಿಗಾಗಿ ಎಂದುಕೊಂಡಿದ್ದೆ. ನಿನ್ನ ಅತ್ತೆ ಹಿಂದಿನಿಂದ ಬಂದು ನಿಂತಳು, ಬೆಕ್ಕು ಅಲ್ಲಿರಲಿಲ್ಲ, ಆದ್ದರಿಂದ ನನಗೇ ನೇರವಾಗಿ ಹೇಳಿದಳು: “ಓದಿದ್ರಾ? ಇನ್ನಾದ್ರೂ ಏನಾದ್ರೂ ಮಾಡಿ.”

ಮರುದಿನವೇ ಮೋವರನ್ನು ಹೇರಿಸಿಕೊಂಡು ಅಂಗಡಿಗೆ ಹೋದೆ. ಅಲ್ಲಿಯವನು ಮೊದಲು ಮುಖ ಸಿಂಡರಿಸಿದ, ಆಮೇಲೆ ಆಚೆ ಹೊಲದ ಗುತ್ತಿಗೆದಾರನಿಗೇ ಇನ್ನೊಂದು ಏಳಡಿಯದು ಬೇಕಾಗಿದೆ ಎಂದು ಗೊತ್ತಾಗಿ ಬದಲಾಯಿಸಿಕೊಡಲು ಒಪ್ಪಿದ. ಅರವತ್ತು ಎಚ್‌ಪಿಯ ಹಿಂದೆ ಅದು ಸುಖವಾಗಿರಲಿ. ಐದಡಿಯದು ಗುರುವಾರ ಬಂತು. ಶುಕ್ರವಾರದಿಂದ ಕತ್ತರಿಸುತ್ತಿದ್ದೇವೆ. ಹೊಗೆ ಇಲ್ಲ, ಕೆಮ್ಮು ಇಲ್ಲ, ಟ್ರ್ಯಾಕ್ಟರು ತನ್ನಷ್ಟಕ್ಕೆ ಗುನುಗಿಕೊಂಡು ಹೋಗುತ್ತಿದೆ. ಚಕ್ರದ ಜಾಡು ನೀನು ಹೇಳಿದ ಹಾಗೇ ಮುಚ್ಚಿ ಹೋಗುತ್ತದೆ. ಸುತ್ತು ಹೆಚ್ಚು ಹಾಕಬೇಕು, ಅದು ನಿಜ. ಗುತ್ತಿಗೆದಾರ ನೆರಳಲ್ಲಿ ಕೂತಾಗ ನಾವಿನ್ನೂ ಬಿಸಿಲಲ್ಲೇ ಇರುತ್ತೇವೆ. ಆದರೂ ಸಾಯಂಕಾಲ ಎಷ್ಟು ಆಗಬೇಕಿತ್ತೋ ಅಷ್ಟು ಆಗಿರುತ್ತದೆ, ಯಾವುದೂ ಮುರಿದಿರುವುದಿಲ್ಲ. ನಾನು ಬದುವಿನ ಮೇಲೆ ಕೂತು ನೋಡುತ್ತಿರುತ್ತೇನೆ, ಸಂತೋಷವಾಗಬೇಕು, ಆಗುವುದಿಲ್ಲ. ಬರೀ ದಣಿವು. ಈ ವರ್ಷದ ಮೊದಲ ಹುಲ್ಲು ಹೇಗೂ ಕೈತಪ್ಪಿತು. ಬ್ಲೇಡನ್ನು ಎಷ್ಟು ಎತ್ತರಕ್ಕೆ ಇಡಬೇಕು ಎಂಬುದು ಚೀಟಿಯಲ್ಲಿಲ್ಲ. ನಾಲ್ಕು ಬೆರಳಷ್ಟು ಬುಡ ಬಿಡುತ್ತಿದ್ದೇವೆ. ಸಾಕೇ, ಇನ್ನೂ ಹೆಚ್ಚು ಬಿಡಬೇಕೇ? ಇದನ್ನು ಅವನನ್ನು ಕೇಳಿದರೆ, “ಅವ್ಳನ್ನೇ ಕೇಳ್ಬೇಕು” ಎಂದು ಹೇಳಿ ಕೊಟ್ಟಿಗೆಗೆ ಹೋದ.

ಕಾಗದ ಉದ್ದವಾಯಿತು. ಲಾರಿಯವನ ಬರವಣಿಗೆ ಏನಿದ್ದರೂ ಟ್ರಿಪ್ ಶೀಟಿನ ಮೇಲೆ ಎರಡು ಸಾಲು; ಇಷ್ಟು ಬರೆದು ಬೆರಳು ಮರಗಟ್ಟಿದೆ. ನಿನ್ನ ಅಕ್ಕನಿಗೂ ಭಾವನಿಗೂ ನಾವು ಕೇಳಿದೆವೆಂದು ಹೇಳು, ಇಷ್ಟು ದಿನ ನಿನ್ನನ್ನು ನೋಡಿಕೊಂಡದ್ದಕ್ಕೆ ನಾನು ಅವರಿಗೆ ಋಣಿ. ಎಲ್ಲಿದ್ದರೂ ನಿನ್ನ ಮೈ ಗಟ್ಟಿಯಾಗಿರಲಿ, ನಿನ್ನ ಮಾತಿಗೆ ಬೆಲೆ ಕೊಡುವವರ ನಡುವೆ ನೀನಿರುವಂತಾಗಲಿ. ಇದು ನನ್ನ ಹಾರೈಕೆ.

ಕೇಳಬೇಕಾದಾಗ ಕೇಳದೆ ಈಗ ಕಿವಿ ತೆರೆದುಕೊಂಡು ಕೂತಿರುವ
ನಿನ್ನ ಮಾವ

ಮತ್ತೆ: ಕಾಗದ ಮಡಿಸುವ ಮುಂಚೆ ಒಮ್ಮೆ ಓದಿ ನೋಡಿದೆ. ಇಷ್ಟು ಹಾಳೆ ತುಂಬಿಸಿದ್ದೇನೆ, ಬರೆಯಬೇಕೆಂದು ಕೂತಿದ್ದನ್ನೇ ಬರೆದಿಲ್ಲ. ಫೋನ್ ಮಾಡಿದ್ದು ಅವನಲ್ಲ, ನಾನು. ನನಗೆ ಫೋನ್ ಹಿಡಿಯಲೂ ಬರುವುದಿಲ್ಲವೆಂದು ನಿನಗೆ ನಂಬಿಕೆ, ಅದಕ್ಕೇ ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನು ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುವುದನ್ನು ನೋಡಿ, ಏಳಡಿಯದು ಬಂದರೆ ಎರಡು ಗಂಟೆ ಮುಂಚೆ ಮನೆಗೆ ಬರುತ್ತಾನೆ ಎಂದುಕೊಂಡೆ. ಹೀಗೆಂದು ನಿನಗೇ ಹೇಳಬಹುದಿತ್ತು, ಹೇಳಲಿಲ್ಲ, ಕದ್ದು ಮಾಡಿದೆ. ಅಂಗಳದಲ್ಲಿ ನೀನು ಕೇಳಿದಾಗ ಅವನು ನನ್ನ ಮುಖ ನೋಡಿಯೇ ತಿಳಿದುಕೊಂಡು ಬಾಯಿ ಮುಚ್ಚಿಕೊಂಡ. ಸಾಯಂಕಾಲ ನಾನೇ ಅವನನ್ನು ಕೊಟ್ಟಿಗೆಗೆ ಕರೆದು, “ನಾಲ್ಕು ದಿನ ಸುಮ್ನಿರು, ಅವ್ಳೇ ಮರೀತಾಳೆ, ನನ್ನ ಮರ್ಯಾದೆ ತೆಗೀಬೇಡ” ಎಂದೆ. ನಾಲ್ಕು ದಿನ ನಲವತ್ತೊಂದಾಯಿತು. ನಿನ್ನನ್ನು ಕರೆಯಲು ಯಾಕೆ ಹೋಗಲಿಲ್ಲವೋ ಎಂದು ಇವತ್ತು ಬೆಳಿಗ್ಗೆ ಕೇಳಿದೆ. “ಹೋದ್ರೆ ಮತ್ತೆ ಅದನ್ನೇ ಕೇಳ್ತಾಳಪ್ಪ. ಅವ್ಳ ಮುಂದೆ ಸುಳ್ಳು ಹೇಳೋಕೆ ನನ್ನಿಂದಾಗಲ್ಲ. ನಿಜ ಹೇಳ್ಬೇಡ ಅಂದಿದ್ದು ನೀವು” ಎಂದ. ಆಡಿಕೊಳ್ಳುವುದಿದ್ದರೆ ನನ್ನನ್ನು ಆಡಿಕೋ, ಕ್ಷಮಿಸದಿದ್ದರೆ ನನ್ನನ್ನು ಕ್ಷಮಿಸಬೇಡ. ಭಾನುವಾರ ಅಂಚೆ ಹೋಗುವುದಿಲ್ಲ, ಒಂದನೇ ತಾರೀಖಿಗೆ ಹೆಚ್ಚು ದಿನವಿಲ್ಲ, ಅದಕ್ಕೇ ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಪೂರ್ತಿ ಓದುವವರೆಗೆ ಬಾಗಿಲಲ್ಲೇ ನಿಂತಿರಬೇಕು, ತುಟಿ ಬಿಚ್ಚಬಾರದು ಎಂದು ಅವನಿಗೆ ಹೇಳಿದ್ದೇನೆ. ಓದಿ ಮುಗಿಯಿತಲ್ಲ. ಈಗ ಅವನನ್ನೇ ಕೇಳು, ಹೇಳುತ್ತಾನೆ.